ಗೋಡೆಯಾಚೆಯ ಹೋರಿ

ಊಟವಾದ ಮೇಲೆ ಚಾಪೆಯ ಮೇಲೆ ಉರುಳಿದರೆ ಸಾಕು, ಕರೆಯದೆಯೇ ಬರುತ್ತಿದ್ದ ನಿದ್ದೆ ಇವತ್ತು ಬರಲಿಲ್ಲ. ಪರಮಶಿವಪ್ಪನಿಗೆ ಇದು ಅವಮಾನವೆನಿಸಿತು. ನಿದ್ದೆಯ ವಿಷಯದಲ್ಲಿ ಅವನನ್ನು ಮೀರಿಸುವ ಗಂಡಸು ಶಿಕಾರಿಪುರ ತಾಲೂಕಿನಲ್ಲಿ ಹುಟ್ಟಿರಲಿಲ್ಲ. ಅವನ ಗೊರಕೆಗೆ ಹೆಂಚು ಸರಿದು ಮನೆ ಸೋರಿದ್ದುಂಟು, ಶಿರಾಳಕೊಪ್ಪದ ಕಡೆಯಿಂದ ಬರುವ ಬಸ್ಸಿನ ಡ್ರೈವರ್ ಎದುರಿಗೆ ಲಾರಿ ಬಂತೆಂದು ಬ್ರೇಕ್ ಒತ್ತಿದ್ದುಂಟು. ಇದನ್ನೆಲ್ಲ ಅವನು ಎಷ್ಟು ಸಲ ಹೇಳಿದ್ದನೆಂದರೆ ಹೆಂಡತಿ ನೀಲಾಂಬಿಕಳನ್ನು ಬಿಟ್ಟರೆ ಈಗ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅಂಥವನು ಕಣ್ಣು ಬಿಟ್ಟುಕೊಂಡು ಅಟ್ಟದ ಬಾಯಿಯನ್ನೇ ನೋಡುತ್ತ ಬಿದ್ದಿದ್ದ. ಅಲ್ಲಿ ಒಂದು ಚೌಕದಷ್ಟು ಕತ್ತಲೆ. ಇವತ್ತು ಶಾಲೆ ಬಿಟ್ಟ ಕೂಡಲೇ ಓಣಿಯ ಮಕ್ಕಳೆಲ್ಲ ಬರುತ್ತಾರೆ. ಏಣಿ ಹತ್ತಿಸಿ, ಅಟ್ಟದ ಮೇಲಿಂದ ಪಕ್ಕದ ಮನೆಯೊಳಗೆ ಬಚ್ಚಿಟ್ಟಿರುವ ಹೋರಿಯನ್ನು ತೋರಿಸುತ್ತೇನೆಂದು ನಿನ್ನೆ ಹಿಟ್ಟಿನ ಗಿರಣಿಯ ಮುಂದೆ, ಎಲ್ಲರಿಗೂ ಕೇಳುವ ಹಾಗೆ, ಮಾತು ಕೊಟ್ಟುಬಿಟ್ಟಿದ್ದ. ಆ ಹೋರಿಯ ಬಣ್ಣ, ಕೊಂಬಿನ ತಿರುವು, ಹಣೆಯ ಮೇಲಿನ ಸುಳಿ, ಅದು ಬೆಳಗ್ಗೆ ಎದ್ದು ತಿನ್ನುವ ಬಾದಾಮಿ, ಎಲ್ಲವನ್ನೂ ವರ್ಣಿಸಿದ್ದ. ಒಂದೇ ತೊಂದರೆಯೆಂದರೆ ಅವನು ಆ ಹೋರಿಯನ್ನು ನೋಡಿರಲಿಲ್ಲ. ಅದರ ಗೆಜ್ಜೆಯ ಸದ್ದನ್ನು ಕೂಡ ಕೇಳಿರಲಿಲ್ಲ.

ಸದ್ದು ಕೇಳಿದ್ದು ಮಕ್ಕಳು. ಗಿರಣಿಯ ಕಟ್ಟೆಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದಾಗ ರಾಜು ಎಂಬ ಹುಡುಗ ಕೇಳಿದ್ದ, "ಅಜ್ಜ, ಸೊರಬದಮ್ಮನ ಮನೇಲಿ ಘಲ್ ಘಲ್ ಅಂತ ಗೆಜ್ಜೆ ಸದ್ದು ಬರ್ತೈತಿ, ಏನದು?" ಆಗ 'ನನಗೆ ಕೇಳಿಸಿಲ್ಲ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಮಾತು ಪರಮಶಿವಪ್ಪನ ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅದು ನಿಜವಾಗಿತ್ತು. ಹರೆಯದಿಂದ ಗಿರಣಿಯ ಬೆಲ್ಟಿನ ಪಕ್ಕದಲ್ಲೇ ನಿಂತು ನಿಂತು ಅವನ ಕಿವಿಗಳು ಮೆಲ್ಲಗೆ, ಸಕ್ಕರೆ ಕರಗಿದ ಹಾಗೆ, ಕರಗಿಹೋಗಿದ್ದವು. ಬಲಗಿವಿಯಲ್ಲಿ ಒಂದಿಷ್ಟು ಉಳಿದಿತ್ತು, ಎಡಗಡೆ ಬರೀ ಹಿಟ್ಟು. ಮಗ ಸಿದ್ಧಲಿಂಗೇಶ್ ಗಿರಣಿ ವಹಿಸಿಕೊಂಡ ಮೇಲೂ ಇದು ಯಾರಿಗೂ ಗೊತ್ತಾಗದ ಹಾಗೆ ಅವನು ಒಂದು ಉಪಾಯ ಕಂಡುಕೊಂಡಿದ್ದ: ಬೇರೆಯವರಿಗೆ ಮಾತಾಡಲು ಬಿಡದಿರುವುದು. ಊರಿನವರು ಅದನ್ನು ಜಂಬವೆಂದುಕೊಂಡರು. ಅವನೂ ಹಾಗೇ ಅಂದುಕೊಂಡಿದ್ದ. "ನಿಮಗೆ ಇವತ್ತು ಕೇಳಿಸ್ತಾ?" ಎಂದು ಅವನು ರಾಜುವನ್ನು ಕನಿಕರದಿಂದ ನೋಡಿದ್ದ. "ನಾನು ಗಣೇಶನ ಹಬ್ಬದಿಂದ ಕೇಳ್ತಾ ಇದೀನಿ ಕಣಲೇ. ಅದು ಹೋರಿ."

ದೀಪಾವಳಿ ಹತ್ತಿರ ಬಂದಿತ್ತು. ಹಬ್ಬ ಕಳೆದ ಮೇಲೆ ಈ ಸೀಮೆಯ ಊರೂರಲ್ಲೂ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಹಾರ, ಗೆಜ್ಜೆ, ಬಲೂನು ಕಟ್ಟಿಸಿಕೊಂಡ ಹೋರಿಗಳು ಜನರ ನಡುವೆ ಬಾಣ ಬಿಟ್ಟಂತೆ ಓಡುತ್ತವೆ, ಹಾರ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಹೊಸ ಹೋರಿಯನ್ನು ಹಬ್ಬದ ತನಕ ಯಾರ ಕಣ್ಣಿಗೂ ಬೀಳದಂತೆ ಕಟ್ಟಿ ಮೇಯಿಸುವುದು ವಾಡಿಕೆ. ಮುಚ್ಚಿದ ಬಾಗಿಲ ಹಿಂದೆ ಗೆಜ್ಜೆ ಕೇಳಿದರೆ ಬೇರೆ ಯಾವ ಊರಿನವರು ಏನಂದುಕೊಳ್ಳುತ್ತಾರೋ, ಇಲ್ಲಿಯವರ ತಲೆಗೆ ಮೊದಲು ಬರುವುದು ಹೋರಿಯೇ. ಅದೂ ಅಲ್ಲದೆ ಆ ಮನೆ ಮೊದಲು ಪರಮಶಿವಪ್ಪನ ಮನೆಯ ಅರ್ಧ. ಅಣ್ಣತಮ್ಮಂದಿರು ಪಾಲಾದಾಗ ದನ ಕಟ್ಟುವ ಅಂಕಣ, ಕಲ್ಲುಚಪ್ಪಡಿ, ಮೇವು ಹಾಕುವ ಗೋದಲಿ ಎಲ್ಲ ತಮ್ಮನ ಪಾಲಿಗೆ ಹೋಗಿದ್ದವು. ನಡುವೆ ಎಬ್ಬಿಸಿದ ಗೋಡೆ ತೊಲೆಯ ಮಟ್ಟಕ್ಕೆ ಬಂದು ನಿಂತಿತ್ತು. ಅಲ್ಲಿಗೆ ಸಿಟ್ಟು ಇಳಿದಿತ್ತೋ ಇಟ್ಟಿಗೆ ಮುಗಿದಿತ್ತೋ, ಅದರ ಮೇಲೆ ಹೆಂಚಿನ ತನಕ ಬರೀ ಗಾಳಿ. ತಮ್ಮ ತನ್ನ ಪಾಲನ್ನು ಮಾರಿ ದಾವಣಗೆರೆಗೆ ಹೋದ. ಹೋದ ವರ್ಷ ಅದನ್ನು ಕೊಂಡು ಬಂದವಳು ಸೊರಬದ ವನಜಮ್ಮ.

ಮಕ್ಕಳ ಪ್ರಶ್ನೆಗಳು ಅಲ್ಲಿಗೆ ನಿಂತಿರಲಿಲ್ಲ. ಮುಂದೆ ವಕೀಲಳಾಗುವ ಎಲ್ಲ ಲಕ್ಷಣವಿದ್ದ ಸ್ಪಂದನ ಎಂಬ ಹುಡುಗಿ, "ಮತ್ತೆ ಸಗಣಿ ಎಲ್ಲಿ ಹೋಗ್ತೈತಿ ಅಜ್ಜ?" ಎಂದಿದ್ದಳು.

"ಒಳಗೇ ಗೋಬರ್ ಗ್ಯಾಸ್ ಐತಿ. ಗೌರ್ಮೆಂಟ್ ನೌಕರಿ ಮಾಡ್ದೋರು ಸಗಣಿನ ಬೀದಿಗೆ ಚೆಲ್ತಾರೇನು?"

"ಒಂದಿನನೂ ಕೂಗಿಲ್ಲ?"

"ಹಬ್ಬದ ತಂಕ ಮೌನವ್ರತ. ಸೊರಬದ ಕಡೆ ಹಂಗೇ ಅಭ್ಯಾಸ ಮಾಡಿಸ್ತಾರೆ. ಅದರ ಹೆಸರು ಸೊರಬದ ಸಿಡಿಲು. ಓಡಿದ್ರೆ ನೆರಳು ಹಿಂದೇ ಉಳಿದುಬಿಡ್ತದೆ, ಹುಡುಗರು ನೆರಳು ಹಿಡ್ಕಂಡು ಹೋರಿ ಹಿಡಿದ್ವಿ ಅಂತಾರೆ."

ಮೊಮ್ಮಗಳು ಧನ್ಯಾ ಮಾತ್ರ ತಾನಾಗಿ ಏನೂ ಕೇಳದೆ ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಅವಳಿಗೊಂದು ಕೆಟ್ಟ ಚಾಳಿಯಿತ್ತು. ಯಾರಾದರೂ ಮೆತ್ತಗೆ ಏನಾದರೂ ಅಂದರೆ, "ಏನು, ಸಗಣಿ ಎಲ್ಲೋಗ್ತೈತಿ ಅಂದ್ಯಾ?" ಎಂದು ಓಣಿಯೆಲ್ಲ ಕೇಳುವಂತೆ ತಿರುಗಿ ಕೇಳುತ್ತಿದ್ದಳು. ಹುಡುಗಿಗೆ ಇಷ್ಟು ಗಂಟಲು ಒಳ್ಳೆಯದಲ್ಲ ಎಂದು ಪರಮಶಿವಪ್ಪ ಬಹಳ ಸಲ ಗದರಿಸಿದ್ದ.

ಈಗ ಮಗ್ಗುಲು ಬದಲಿಸಿದ. ಗೋಡೆಯ ಕಡೆ ಮುಖ. ಈ ಗೋಡೆಯ ಆಚೆ ಒಬ್ಬ ಹೆಂಗಸು ವರ್ಷದಿಂದ ಇದ್ದಾಳೆ, ತಾಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಜನರ ಹೊಲದ ಬದುಗಳನ್ನು ಅಳೆದು ಅಳೆದು ರಿಟೈರ್ ಆದವಳು. ಎತ್ತರದ, ಭಾರದ ಮೈ, ದಪ್ಪ ಕನ್ನಡಕ, ಬಿಸಿಲಿರಲಿ ಬಿಡಲಿ ಕಂಕುಳಲ್ಲೊಂದು ಕೊಡೆ. ಸಂತೆಗೆ ಹೋಗುತ್ತಾಳೆ, ಬರುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಅರಿಶಿನ ಕುಂಕುಮಕ್ಕೆ ಕರೆದರೆ ಬರುವುದಿಲ್ಲ, ಬರಲಾಗುವುದಿಲ್ಲವೆಂದು ನಗುತ್ತಲೇ ಹೇಳುತ್ತಾಳೆ. ಓಣಿಯ ಹೆಂಗಸರಿಗೆ ಆ ನಗುವೇ ಹೆಚ್ಚು ಸಿಟ್ಟು ತರಿಸಿತ್ತು. ಒಮ್ಮೆ ಜೋಳ ಬೀಸಿಸಲು ಗಿರಣಿಗೆ ಬಂದಾಗ ಅವಳು ತಾನಾಗಿಯೇ ಪರಮಶಿವಪ್ಪನ ಹತ್ತಿರ ಬಂದು ಏನೋ ಕೇಳಿದಳು. ತುಟಿ ಅಲ್ಲಾಡಿತು, ಬೆಲ್ಟು ಓಡುತ್ತಿತ್ತು, ಎಡಗಡೆ ನಿಂತಿದ್ದಳು. ಅವನು ಎದೆಯುಬ್ಬಿಸಿ, "ಹೌದೌದು! ನಮ್ಮಪ್ಪನ ಕಾಲದಾಗೆ ಈಸೂರಿಂದ ಈ ಗಿರಣಿ ತಂಕ ಗಾಡಿಗಳು ಒಂದರ ಹಿಂದೊಂದು ನಿಲ್ತಿದ್ವು. ಮುಂದಿನ ಗಾಡಿ ಎತ್ತು ಬಾಲ ಬೀಸಿದ್ರೆ ಈಸೂರಾಗೆ ಹಿಂದಿನ ಗಾಡಿಯವನಿಗೆ ತಗಲ್ತಿತ್ತು" ಎಂದ. ಹಿಟ್ಟಿಗಾಗಿ ಕಾದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರು ಗಾಡಿಗೆ ನಕ್ಕರೋ, ಅವಳು ಕೇಳಿದ್ದಕ್ಕೂ ತಾನು ಹೇಳಿದ್ದಕ್ಕೂ ಸಂಬಂಧವಿಲ್ಲದ್ದಕ್ಕೆ ನಕ್ಕರೋ ಅವನಿಗೆ ತಿಳಿಯಲಿಲ್ಲ. ವನಜಮ್ಮ ಮಾತ್ರ ನಗಲಿಲ್ಲ. ಅವನನ್ನು ಅಳತೆಗಾರ್ತಿಯ ಕಣ್ಣಿನಿಂದ ಒಮ್ಮೆ ನೋಡಿ, ತಲೆಯಾಡಿಸಿ, ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು. ಆ ನೋಟ ಒಂದು ಮುಳ್ಳಿನ ಹಾಗೆ ಎಲ್ಲೋ ಮುರಿದುಕೊಂಡು ಉಳಿದುಬಿಟ್ಟಿತ್ತು. ಹೋರಿಯನ್ನು ಹುಟ್ಟಿಸಿದ್ದು ಅದಕ್ಕಾಗಿಯೇ ಇರಬಹುದೇ? ಛೆ, ಇಲ್ಲ. ಹೋರಿಗಳು ತಾವಾಗಿಯೇ ಹುಟ್ಟುತ್ತವೆ.

"ಮಲಗಿಲ್ಲೇನ್ರಿ?" ನೀಲಾಂಬಿಕ ಅವನ ಬಲಗಡೆಯೇ ಬಂದು ನಿಂತಿದ್ದಳು. ಯಾವಾಗಲೂ ಬಲಗಡೆಯೇ ನಿಲ್ಲುತ್ತಾಳೆ. "ಆ ಶಿರಾಳಕೊಪ್ಪದ ತಿಪ್ಪೇಶ ಫೋನ್ ಮಾಡಿದ್ದ. ಅವನೂ ಬರ್ತಾನಂತೆ, ಹೋರಿ ವಿಡಿಯೋ ಮಾಡಾಕೆ. ಅಭಿಮಾನಿಗಳ ಗ್ರೂಪಿಗೆಲ್ಲ ಹಾಕ್ತಾನಂತೆ."

"ಬರ್ಲಿ ಬಿಡು. ನನ್ನ ಮಾತು ಕೇಳಿ ದೇಶ ದೇಶದಿಂದ ಬರ್ತಾರೆ."

"ನಿಮ್ಮ ಬಾಯಿಗೊಂದು ಬ್ರೇಕ್ ಇಡ್ಸಿದ್ರೆ ಆಗ್ತಿತ್ತು. ಪಾಪ ಆಯಮ್ಮ, ತನ್ನ ಪಾಡಿಗೆ ತಾನಿದಾಳೆ. ಅವರ ಮನೆ, ಅವರ ಸದ್ದು. ನಿಮಗ್ಯಾಕೆ?"

"ನಿನಗೂ ಕೇಳ್ಸೈತಾ ಸದ್ದು?"

ನೀಲಾಂಬಿಕ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು. ತಿಪ್ಪೇಶನೆಂದರೆ ಹೋರಿ ಹುಚ್ಚಿನವನು. ತನ್ನ ಮದುವೆಯ ದಿನವೂ ಯಾವುದೋ ಹೋರಿಯ ಫೋಟೋ ಇರುವ ಬನಿಯನ್ನೇ ಒಳಗೆ ಹಾಕಿಕೊಂಡಿದ್ದನಂತೆ. ಅವನ ಕಣ್ಣಿಗೆ ಮಣ್ಣೆರಚಲಾಗದು. ಪರಮಶಿವಪ್ಪ ಮತ್ತೆ ಅಟ್ಟದ ಬಾಯಿಯನ್ನು ನೋಡಿದ. ಒಂದು ವೇಳೆ ಅಲ್ಲಿ ಹೋರಿಯಿದ್ದು, ಅದರ ಬಣ್ಣ ಬೇರೆಯಾಗಿದ್ದರೆ? ಬಿಳಿ ಎಂದಿದ್ದೇನೆ. ಮಾಸಲು ಎಂದಿದ್ದರೆ ಎರಡೂ ಕಡೆ ಜಾಗವಿರುತ್ತಿತ್ತು. ಮಕ್ಕಳು ಬರುವ ಮೊದಲು ತಾನೊಬ್ಬನೇ ಹತ್ತಿ ನೋಡಿಬಿಡುವುದೇ ಒಳ್ಳೆಯದೆಂದು ಎದ್ದು, ಪಂಚೆ ಎತ್ತಿಕಟ್ಟಿ, ಏಣಿಗೆ ಕಾಲಿಟ್ಟ. ಮೊಣಕಾಲು ಕಟಕ್ಕೆಂದಿತು; ಅದು ಮಾತ್ರ ಕಿವಿಯ ಸಹಾಯವಿಲ್ಲದೆ ಕೇಳುತ್ತದೆ.

ಅಟ್ಟದ ಮೇಲೆ ವರ್ಷಗಳ ಧೂಳು ಹೊದ್ದ ತೊಟ್ಟಿಲು, ಗಿರಣಿಯ ಹಳೆಯ ಬೆಲ್ಟು, ತಳ ಹೋದ ಕೊಳಗ. ಬಗ್ಗಿಕೊಂಡು, ಗೋಡೆ ನಿಂತು ಗಾಳಿ ಶುರುವಾಗುವ ಜಾಗಕ್ಕೆ ಬಂದು, ತೊಲೆಯ ಮೇಲೆ ಅಂಗೈಯಿಟ್ಟ. ತೊಲೆ ನಡುಗುತ್ತಿತ್ತು. ಗಿರಣಿ ಓಡುವಾಗ ನಡುಗುವ ಹಾಗಲ್ಲ. ಬಿಟ್ಟು ಬಿಟ್ಟು, ಲೆಕ್ಕ ಹಿಡಿದ ಹಾಗೆ. ಇದೆ, ಹೋರಿ ಇದೆ, ಎಂದು ಅವನ ಎದೆ ಹಾರಿತು. ತನ್ನ ಸುಳ್ಳೊಂದು ತನಗೆ ಹೇಳದೆಯೇ ನಿಜವಾಗಿ ಬೆಳೆದು ನಿಂತ ಸಂತೋಷದಲ್ಲಿ ಕುತ್ತಿಗೆ ಚಾಚಿ ಕೆಳಗೆ ನೋಡಿದ.

ಕೆಳಗೆ ದನದ ಅಂಕಣ ಗುರುತು ಸಿಗದಷ್ಟು ಸ್ವಚ್ಛವಾಗಿತ್ತು. ಕಲ್ಲುಚಪ್ಪಡಿ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಮಿನುಗುತ್ತಿತ್ತು. ಗೋದಲಿಯ ಅಂಚಿಗೆ ಒಂದು ಮೊಬೈಲ್ ಒರಗಿ ನಿಂತಿತ್ತು. ಅದರೆದುರು, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಕಾಲಿಗೆ ಗೆಜ್ಜೆ ಕಟ್ಟಿ, ವನಜಮ್ಮ ಕುಣಿಯುತ್ತಿದ್ದಳು. ಸದ್ದಿಲ್ಲ. ಅವನ ಪಾಲಿಗೆ ಇಡೀ ಅಂಕಣ ಸದ್ದಿಲ್ಲದೆ ನೀರೊಳಗೆ ಮುಳುಗಿದ ಹಾಗಿತ್ತು. ಆ ಭಾರದ ಕಾಲು ಏಳುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಬೀಳುತ್ತದೆ. ಬಿದ್ದದ್ದು ಅವನಿಗೆ ಅಂಗೈಯಲ್ಲಿ ಗೊತ್ತಾಗುತ್ತದೆ. ಕೈಗಳು ಏನನ್ನೋ ಬಿಡಿಸುತ್ತವೆ, ಹೂವಿರಬೇಕು, ಅಥವಾ ಬದು ಅಳೆಯುವ ಸರಪಳಿ. ಒಮ್ಮೆ ತಪ್ಪಿದಳು. ನಾಲಿಗೆ ಕಚ್ಚಿಕೊಂಡು, ಮೊಬೈಲಿನತ್ತ ಬಗ್ಗಿ, ಏನನ್ನೋ ಹಿಂದಕ್ಕೆ ಸರಿಸಿ ಮತ್ತೆ ಶುರು ಮಾಡಿದಳು. ಇದು ಚೆಂದವೇ? ಗೊತ್ತಿಲ್ಲ. ಅವನು ನೋಡುತ್ತಿದ್ದುದು ಕುಣಿತವನ್ನಲ್ಲ, ಮುಖವನ್ನು. ಹುಬ್ಬು ಸಡಿಲ, ಬಾಯಿ ಅರ್ಧ ತೆರೆದು, ತುಟಿಯ ಮೇಲೆ ಬೆವರು. ಸಂತೆಯ ಮುಖವಲ್ಲ, ಓಣಿಯ ಹೆಂಗಸರಿಗೆ ತೋರಿಸುವ ನಗುವಲ್ಲ. ಯಾರೂ ನೋಡದಿರುವಾಗ ಮನುಷ್ಯರ ಮುಖ ಹೀಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ನೋಡಿದ ಕೂಡಲೇ ಅದು ಇರುವುದಿಲ್ಲ. ತನಗೆ ಇಂಥದೊಂದು ಮುಖವಿದೆಯೇ? ಕಿವಿ ಹೋದಾಗಿನಿಂದ, ಅಲ್ಲ, ಅದಕ್ಕೂ ಮೊದಲಿನಿಂದ, ಎದುರಿಗೆ ಕೇಳುವವರು ಇಲ್ಲದ ಒಂದು ಗಳಿಗೆಯನ್ನೂ ಅವನು ಬದುಕಿದ ನೆನಪಿರಲಿಲ್ಲ. ಸ್ನಾನದ ಮನೆಯಲ್ಲೂ ಬಿಂದಿಗೆಗೆ ಏನಾದರೊಂದು ಹೇಳುತ್ತಿದ್ದ. ನೋಡಬಾರದು ಎನಿಸಿತು. ಇನ್ನೊಂದು ಚೂರು ನೋಡಿದ. ಇಳಿದುಹೋಗಬೇಕೆಂದು ಹಿಂದೆ ಸರಿಯುವಾಗ ತೊಟ್ಟಿಲಿನ ಧೂಳು ಮೂಗಿಗೆ ಹೋಯಿತು.

ಪರಮಶಿವಪ್ಪನ ಸೀನು ಬೇರೆಯವರ ಸೀನಿನಂಥದಲ್ಲ. ಅವನು ಸೀನಿದರೆ ಅಂಜನಾಪುರದ ಜಲಾಶಯದಲ್ಲಿ ಅಲೆ ಏಳುತ್ತದೆಂದು ಅವನೇ ಹೇಳುತ್ತಿದ್ದ. ಅಲೆ ಎದ್ದಿತು. ವನಜಮ್ಮ ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ ಮೇಲೆ ನೋಡಿದಳು. ಕಿರುಚಲಿಲ್ಲ. ಸೆರಗು ಬಿಚ್ಚಿ ಹೊದ್ದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಮತ್ತೆ ನೋಡಿದಳು. ತುಟಿ ಅಲ್ಲಾಡಿತು. ಅವನು 'ಹೌದೌದು' ಎನ್ನಲು ಬಾಯಿ ತೆರೆದ. ಈಸೂರಿನ ಗಾಡಿಗಳು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವಳ ತುಟಿ ಮತ್ತೆ ಅಲ್ಲಾಡಿತು.

"ಕೇಳ್ತಿಲ್ಲ ಅಮ್ಮಾರೆ," ಎಂದ. ಹೇಳಿದವನು ತಾನೇ ಹೌದೋ ಎಂದು ಅವನಿಗೆ ಅನುಮಾನವಾಯಿತು. "ಕಿವಿ ಹೋಗ್ಯಾವೆ. ಗಿರಣಿ ಸದ್ದಿಗೆ."

ಅವಳು ಬೀದಿ ಬಾಗಿಲತ್ತ ಒಮ್ಮೆ ನೋಡಿದಳು. ಕಿವುಡನಿಗೆ ಕೇಳುವಂತೆ ಮಾತಾಡಿದರೆ ಬೀದಿಗೂ ಕೇಳುತ್ತದೆ. ಗೋದಲಿಯ ಮೇಲೆ ಒಂದು ಕಾಲಿಟ್ಟು, ಗೂಟ ಹಿಡಿದು, ಉಸ್ಸೆಂದು ಮೈಯನ್ನು ಮೇಲೆಳೆದುಕೊಂಡಳು. ಅವಳ ಬೆವೆತ ತಲೆ ಗೋಡೆಯ ಮೇಲಕ್ಕೆ ಬಂತು. ಅವನು ಬಲಗಿವಿ ಮುಂದೆ ಮಾಡಿದ. ಮದುವೆಯಾದಾಗಿನಿಂದ ನೀಲಾಂಬಿಕ ಕೂಡ ಇಷ್ಟು ಹತ್ತಿರ ಬಂದು ಮಾತಾಡಿದ್ದಿಲ್ಲ ಎಂಬ ಅಪ್ರಸ್ತುತ ಯೋಚನೆಯೊಂದು ಬಂದು, ಅವನಿಗೆ ನಾಚಿಕೆಯಾಯಿತು.

"ಎಂತ ನೋಡಕ್ಕೆ ಬಂದಿದ್ರಿ?"

"ಹೋರಿ."

"ಹೋರಿಯಾ?"

ಅವನು ಹೇಳಿದ. ಬಾದಾಮಿ, ಗೋಬರ್ ಗ್ಯಾಸ್, ಮೌನವ್ರತ, ಒಂದನ್ನೂ ಬಿಡದೆ. ಕೇಳುತ್ತ ಕೇಳುತ್ತ ಅವಳ ಮೈ ಕುಲುಕತೊಡಗಿತು. ಗೂಟ ಹಿಡಿದ ಕೈ ಜಾರುವಷ್ಟು ನಕ್ಕಳು. "ನನ್ನ ನಡಿಗೆ ಅಷ್ಟು ಜೋರಿದೆ ಅನ್ನಿ," ಎಂದಳು. "ಅವತ್ತು ಗಿರಣೀಲಿ ನಾನು ಅದನ್ನೇ ಕೇಳಿದ್ದು ಮಾರಾಯ್ರೆ. ನಮ್ಮನೆ ಸದ್ದಿಂದ ನಿಮಗೆ ತೊಂದ್ರೆ ಆಗ್ತದಾ ಅಂತ. ನೀವು ಎತ್ತಿನ ಬಾಲದ ಕತೆ ಹೇಳಿದ್ರಿ."

"ಈಗ ಮಕ್ಕಳು ಬರ್ತಾರೆ," ಎಂದ ಅವನು. "ನೋಡಾಕೆ. ತಿಪ್ಪೇಶನೂ ಬರ್ತಾನೆ, ಮೊಬೈಲ್ ತಗಂಡು."

ನಗು ಮುಖದಿಂದ ಇಳಿಯುವುದನ್ನು ಇಷ್ಟು ಹತ್ತಿರದಿಂದ ನೋಡುವುದು ಕಷ್ಟ. ಅವಳು ಗೋಡೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಸೊರಬದಲ್ಲೂ ಹೀಗೇ ಆಯ್ತು. ಕಿಟಕಿಯಿಂದ ಯಾರೋ ವಿಡಿಯೋ ಮಾಡಿದ್ರು. ಕೆಟ್ಟದ್ದಕ್ಕಲ್ಲ, ಒಳ್ಳೇದಕ್ಕೇ. ಎಲ್ಲರೂ ಒಳ್ಳೇ ಮಾತೇ ಆಡಿದ್ರು. ಈ ವಯಸ್ಸಲ್ಲೂ ನೋಡಿ ಅಂದ್ರು. ಕರೆದು ಶಾಲು ಹೊದೆಸಿದ್ರು. ಆಮೇಲೆ ನಂಗೆ ಕಾಲೇ ಎತ್ತಕ್ಕಾಗಲಿಲ್ಲ ಪರಮಶಿವಪ್ಪೋರೆ. ಎತ್ತಿದ್ರೆ ಅವರೆಲ್ಲ ಬಂದು ಎದುರಿಗೆ ಕೂತ್ಕೊಳ್ತಿದ್ರು, ಇಲ್ಲಿ, ತಲೆಯೊಳಗೆ. ಮನೆ ಬಿಟ್ಟು ಬಂದೆ."

"ಇಲ್ಲೂ ಹಂಗಾದ್ರೆ?"

"ಇನ್ನೊಂದು ಊರು ನೋಡ್ಬೇಕು. ಇಷ್ಟು ಒಳ್ಳೇ ಚಪ್ಪಡಿ ಎಲ್ಲಿ ಸಿಗ್ತದೋ ಗೊತ್ತಿಲ್ಲ."

"ನಿಮ್ಮ ಗುಟ್ಟು ನನ್ನ ಹೊಟ್ಟೇಲಿ ಹಾಕಿದ್ರೆ, ಬಾವಿಗೆ ಕಲ್ಲು ಹಾಕ್ದಂಗೆ ಅಮ್ಮಾರೆ!"

"ನಿಮ್ಮ ಹೊಟ್ಟೆ ಸುದ್ದಿ ಸೊರಬದ ತನಕ ಗೊತ್ತು," ಎಂದು ಅವಳು ನಿಟ್ಟುಸಿರಿಟ್ಟು ಇಳಿಯತೊಡಗಿದಳು. ಅರ್ಧಕ್ಕೆ ನಿಂತು, ಮತ್ತೆ ಮೇಲೆ ಬಂದು, "ಕಿವಿ ವಿಷ್ಯ ನಾನು ಯಾರಿಗೂ ಹೇಳಲ್ಲ," ಎಂದಳು. ಅದು ವ್ಯಾಪಾರದ ಮಾತಾಗಿರಲಿಲ್ಲ. ಬಂದವರಿಗೆ ನೀರು ಕೊಟ್ಟ ಹಾಗೆ ಹೇಳಿ ಇಳಿದುಹೋದಳು.

ಅವನು ಅಟ್ಟದಲ್ಲೇ ಕೂತುಬಿಟ್ಟ. ಹೋರಿ ಇದೆ ಎಂದರೆ ಮಕ್ಕಳು ಹತ್ತುತ್ತಾರೆ. ಹೋರಿ ಇಲ್ಲ ಎಂದರೆ, ಹಾಗಾದರೆ ಗೆಜ್ಜೆ ಯಾರದು ಎಂದು ಸ್ಪಂದನ ಕೇಳುತ್ತಾಳೆ, ಆ ಹುಡುಗಿ ಕೇಳದೆ ಬಿಡುವವಳಲ್ಲ. ಹೋರಿಯನ್ನು ಬೆಳಗ್ಗೆಯೇ ಸೊರಬಕ್ಕೆ ಹೊಡೆದುಕೊಂಡು ಹೋದರು ಎಂದರೆ ನಾಳೆ ಸದ್ದು ಬರುತ್ತದೆ. ಏಣಿಯೇ ಮುರಿಯಿತು ಎಂದರೆ ತಿಪ್ಪೇಶ ಹೆಂಚು ತೆಗೆದು ಇಳಿದಾನು. ಇಡೀ ಆಯುಷ್ಯ ಯಾವ ಮಾತಿನಿಂದ ಬೇಕಾದರೂ ಯಾವ ಊರಿಗೆ ಬೇಕಾದರೂ ದಾರಿ ಮಾಡಿಕೊಂಡವನು ಅವನು. ಇವತ್ತು ಎಲ್ಲ ದಾರಿಗಳೂ ಸುತ್ತಿ ಬಂದು ಈ ಅರ್ಧ ಗೋಡೆಗೇ ಹಾಯುತ್ತಿದ್ದವು. ಮುಖ ನೆನಪಾಯಿತು, ಅರ್ಧ ತೆರೆದ ಬಾಯಿ. ತಾನು ನೋಡಿದ್ದರಿಂದಲೇ ಅದರಲ್ಲಿ ಒಂದು ಚೂರು ಈಗಾಗಲೇ ಉದುರಿಹೋಗಿರಬಹುದು, ಹಿಟ್ಟು ಗಾಳಿಗೆ ಹೋದ ಹಾಗೆ, ಮತ್ತೆ ಗುಡಿಸಿ ತುಂಬಲು ಬರುವುದಿಲ್ಲ. ಮೇಲೇಳಲು ಕೈಯೂರಿದಾಗ ತಣ್ಣಗೆ ಏನೋ ತಾಗಿತು. ಎತ್ತುಗಳಿದ್ದ ಕಾಲದ ಕೊರಳ ಗೆಜ್ಜೆಯ ಸರ, ಒಣಗಿ ಬಿರುಕುಬಿಟ್ಟ ತೊಗಲು, ಹಸಿರುಗಟ್ಟಿದ ಹಿತ್ತಾಳೆ. ಅಲ್ಲಾಡಿಸಿದ. ಕೇಳಲಿಲ್ಲ. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದನೋ, ಕೆಳಗೆ ಬೆಳಕಿನ ಚೌಕದಲ್ಲಿ ಧನ್ಯಾಳ ಮುಖ ಕಾಣಿಸಿ, "ಅಜ್ಜಾ! ಎಲ್ರೂ ಬಂದಾರೆ!" ಎಂದಿತು, ಅವಳದೇ ಆ ಕೆಟ್ಟ ಗಂಟಲಿನಲ್ಲಿ. ಈ ಹುಡುಗಿ ಉಳಿದವರೊಡನೆ ಎಷ್ಟು ಮೆಲ್ಲಗೆ ಮಾತಾಡುತ್ತಾಳೆ ಎಂಬುದು ಅವನಿಗೆ ಆಗ, ಯಾಕೋ, ಹೊಳೆಯಿತು. ಅವಳಿಗೆ ಗೊತ್ತು. ಯಾವಾಗಿನಿಂದಲೋ ಗೊತ್ತು. ಗೊತ್ತಿದ್ದೂ ಒಂದು ದಿನವೂ ಬಾಯಿಬಿಟ್ಟಿಲ್ಲ.

ಬೀದಿಯಲ್ಲಿ ಮಕ್ಕಳು ಬ್ಯಾಗನ್ನೂ ಇಳಿಸದೆ ನಿಂತಿದ್ದರು. ತಿಪ್ಪೇಶ ಬೈಕಿನ ಮೇಲೆ ಕೂತು ಮೊಬೈಲಿನ ಕನ್ನಡಿ ಒರೆಸುತ್ತಿದ್ದ. ನೀಲಾಂಬಿಕ ಹೊಸಿಲಲ್ಲಿದ್ದಳು. ಪಕ್ಕದ ಬಾಗಿಲು ಎಂದಿನಂತೆ ಮುಚ್ಚಿತ್ತು. ಅದರ ಹಿಂದೆ ಒಬ್ಬರು ನಿಂತಿದ್ದಾರೆಂದು ಅವನಿಗೆ ಮಾತ್ರ ಗೊತ್ತಿತ್ತು.

"ಹೋರಿ ಇಲ್ಲ," ಎಂದ ಪರಮಶಿವಪ್ಪ.

"ಹಂಗಾದ್ರೆ ಗೆಜ್ಜೆ?" ಸ್ಪಂದನ, ಎಣಿಸಿದ ಹಾಗೆಯೇ.

"ಗೆಜ್ಜೆ ನಂದು." ಕೈ ಎತ್ತಿ ಸರ ತೋರಿಸಿದ. "ನಾನೇ ಕುಣಿಯೋದು. ಅಟ್ಟದ ಮೇಲೆ. ಗೋಡೆ ಪೂರ್ತಿ ಇಲ್ಲಲ್ಲ, ಸದ್ದು ಆ ಕಡೆ ಇಳೀತೈತಿ, ನಿಮಗೆ ಆ ಮನೆಯಿಂದ ಬಂದಂಗೆ ಕೇಳ್ತೈತಿ. ಹೇಳಾಕೆ ನಾಚ್ಕೆ ಆಗಿ ಹೋರಿ ಅಂದಿದ್ದೆ."

ತಿಪ್ಪೇಶ ಮೊಬೈಲನ್ನು ಜೇಬಿಗಿಳಿಸಿದ. "ಏನ್ ಪರಮಶಿವಪ್ಪೋರೆ, ಅಷ್ಟು ದೂರದಿಂದ ಪೆಟ್ರೋಲ್ ಸುಟ್ಕಂಡು ಬಂದಿದೀನಿ. ನಿಮಗೆ ನಾಚ್ಕೆನಾ? ಯಾರಿಗೆ ಹೇಳ್ತೀರಿ? ಆ ಮೊಣಕಾಲಿಟ್ಕಂಡು ನೀವು ಕುಣೀತೀರಾ? ಆಯಮ್ಮ ಹೋರಿ ಮುಚ್ಚಿಡಾಕೆ ಏನೋ ಕೊಟ್ಟಿರ್ಬೇಕು ನಿಮಗೆ. ಸರೀರಿ, ನಾನೇ ಹತ್ತಿ ನೋಡ್ತೀನಿ." ಬೈಕಿನಿಂದ ಇಳಿದು ಹೊಸಿಲ ಕಡೆ ಹೆಜ್ಜೆ ಹಾಕಿದ.

ಹೊಸಿಲಲ್ಲಿ ನೀಲಾಂಬಿಕ ಸರಿಯಲಿಲ್ಲ. ಪರಮಶಿವಪ್ಪ ಅವಳನ್ನೇ ನೋಡಿದ. ಮದುವೆಯಾದಾಗಿನಿಂದ ಅವನ ಒಂದು ಮಾತಿಗೂ ಹೂಂ ಎಂದವಳಲ್ಲ. ಗೊರಕೆಯಿಂದ ಹಿಡಿದು ಎತ್ತಿನ ಬಾಲದವರೆಗೆ ಪ್ರತಿಯೊಂದನ್ನೂ ನಾಲ್ಕು ಜನರ ಮುಂದೆ ಕತ್ತರಿಸಿ ಹಾಕಿದವಳು. ಅವಳು ಮುಚ್ಚಿದ ಪಕ್ಕದ ಬಾಗಿಲನ್ನು ನೋಡಿದಳು. ಆಮೇಲೆ ಗಂಡನ ಕೈಯಲ್ಲಿದ್ದ ಸರವನ್ನು.

"ಹೂಂ, ಕುಣೀತಾರೆ," ಎಂದಳು. "ಹೆಂಚೆಲ್ಲ ಸಡ್ಲ ಆಗ್ಯಾವೆ. ಹೇಳಿದ್ರೆ ಕೇಳಲ್ಲ. ನೀನೇ ಬುದ್ಧಿ ಹೇಳಪ್ಪ ತಿಪ್ಪೇಶ."

"ಕುಣಿದು ತೋರ್ಸು ಹಂಗಾದ್ರೆ!" ಎಂದು ರಾಜು ಕೂಗಿದ. "ಕುಣಿ ಅಜ್ಜ! ಕುಣಿ!"

ಸರ ಉದ್ದವಾಗಿತ್ತು, ಧನ್ಯಾ ಕೂತು ಅವನ ಕಣಕಾಲಿಗೆ ಸುತ್ತಿ ಗಂಟು ಹಾಕಿದಳು. ಅವನು ಬಲಗಾಲೆತ್ತಿದ. ಎಲ್ಲಿಂದ ಶುರು ಮಾಡಬೇಕು? ಕಣ್ಣೆದುರಿಗೆ ಕಲ್ಲುಚಪ್ಪಡಿಯ ಆ ಕಾಲು ಬಂತು. ಅದರಂತೆಯೇ ಒಂದು ಗಳಿಗೆ ನಿಲ್ಲಿಸಿ ಬಿಡಲು ಹೋಗಿ ವಾಲಿದ, ಗೋಡೆ ಹಿಡಿದ, ಮತ್ತೆ ಎತ್ತಿದ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮಕ್ಕಳು ನೆಲಕ್ಕೆ ಬಿದ್ದು ನಗುತ್ತಿದ್ದುದು ಕಾಣಿಸುತ್ತಿತ್ತು. ತಿಪ್ಪೇಶ ಮೊಬೈಲ್ ಎತ್ತಿ ಹಿಡಿದಿದ್ದ, ನಗುವಿಗೆ ಅವನ ಕೈ ಅಲುಗುತ್ತಿತ್ತು. ಕತ್ತಲಾಗುವ ಮೊದಲೇ ಇದು ತಾಲೂಕಿನ ಎಲ್ಲ ಮೊಬೈಲುಗಳಿಗೂ ಹೋಗುತ್ತದೆ. ನಾಳೆ ಗಿರಣಿಗೆ ಬರುವ ಹೆಂಗಸರು ಸೆರಗನ್ನು ಬಾಯಿಗಲ್ಲ, ಇಡೀ ಮುಖಕ್ಕೆ ಒತ್ತಿಕೊಳ್ಳುತ್ತಾರೆ. ಕಿವಿ ಉರಿಯಿತು. ಮೊಣಕಾಲಿನಿಂದ ಒಂದು ಬಿಸಿ ಎಳೆ ಸೊಂಟದವರೆಗೆ ಓಡಿತು. ಮತ್ತೆ ಎತ್ತಿದ, ಬಿಟ್ಟ. ಆಗ ಪಾದದಡಿಯಿಂದ ಏನೋ ಸಣ್ಣಗೆ ಏರಿ ಬಂತು, ಹಿತ್ತಾಳೆಯ ನಡುಕ, ಚರ್ಮದ ಮೂಲಕ, ಎಲುಬಿನ ಮೂಲಕ. ಹೀಗಿರುತ್ತದೆಯೇ ಗೆಜ್ಜೆ? ಅದನ್ನೇ ಹಿಂಬಾಲಿಸಿ ಇನ್ನೊಮ್ಮೆ ಎತ್ತಿದ, ಮತ್ತೊಮ್ಮೆ, ಯಾರು ನಗುತ್ತಿದ್ದಾರೆಂದು ನೋಡಲು ಮರೆತ. ಎಷ್ಟು ಹೊತ್ತೋ. ಉಸಿರು ಸಾಲದೆ ನಿಂತಾಗ ತನ್ನ ಬಾಯಿ ಅರ್ಧ ತೆರೆದಿರುವುದು ಗೊತ್ತಾಗಿ, ಗಾಬರಿಯಿಂದ ಮುಚ್ಚಿಕೊಂಡ.

"ಹೋರಿಗಿಂತ ನೀವೇ ವಾಸಿ ಬಿಡ್ರಿ," ಎಂದು ತಿಪ್ಪೇಶ ಕಣ್ಣೊರೆಸಿಕೊಂಡು ಬೈಕ್ ಹತ್ತಿದ. "ಹಬ್ಬದಾಗೆ ನಿಮ್ಮನ್ನೇ ಬಿಡಿಸ್ತೀನಿ ಅಖಾಡಕ್ಕೆ!"

"ಬಿಡ್ಸಲೇ! ಹಾರ ಹರಿಯೋ ಗಂಡು ಹುಟ್ಟಿರ್ಬೇಕಲ್ಲ!"

ಜನ ಚದುರಿದರು, ಬಾಗಿಲುಗಳು ಮುಚ್ಚಿದವು. ಪರಮಶಿವಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟ. ನೀಲಾಂಬಿಕ ಎಳ್ಳೆಣ್ಣೆ ಬಿಸಿ ಮಾಡಿ ತಂದು ಮೊಣಕಾಲಿಗೆ ಬಲವಾಗಿ ತಿಕ್ಕಿ ಒಳಗೆ ಹೋದಳು. ಬಿಸಿಲು ಓಣಿಯ ಆ ತುದಿಗೆ ಸರಿದಿತ್ತು. ಧನ್ಯಾ ಬಂದು ಅವನ ಬಲಗಡೆ, ಕಾಲು ಇಳಿಬಿಟ್ಟುಕೊಂಡು, ಕೂತಳು. ಮಧ್ಯಾಹ್ನ ಬಾರದ ನಿದ್ದೆ ಈಗ ಕಣ್ಣಿನ ಹತ್ತಿರ ಬಂದ ಹಾಗೆ ಅವನಿಗೆ ಸುಖವೆನಿಸುತ್ತಿತ್ತು. ಇದ್ದಕ್ಕಿದ್ದ ಹಾಗೆ ರಾಜು ಬೀದಿಯ ನಡುವೆ ನಿಂತು ತಲೆ ಓರೆ ಮಾಡಿದ. ಅವನ ಬಾಯಿ ಅಲ್ಲಾಡಿತು.

"ಏನು? ಅಜ್ಜ ಕೂತ್ಕಂಡ್ರೂ ಗೆಜ್ಜೆ ಸದ್ದು ನಿಂತಿಲ್ಲ ಅಂದ್ಯಾ?" ಎಂದಳು ಧನ್ಯಾ, ಗಟ್ಟಿಯಾಗಿ.

ಪರಮಶಿವಪ್ಪನ ನಿದ್ದೆ ಹಾರಿತು. "ನಿಲ್ತೈತಾ ಮತ್ತೆ!" ಎಂದು ಎದೆಯುಬ್ಬಿಸಿದ. "ನಾನು ಕುಣಿದ್ರೆ ಗೋಡೆಗಳಿಗೆ ಗುಂಗು ಹಿಡೀತೈತಿ ಕಣಲೇ. ಸಂಜೆ ತಂಕ ತಾವೇ ಬಾರಿಸ್ಕಂಡು ಕೂತಿರ್ತಾವೆ!"

ರಾಜುವಿಗೆ ಸಮಾಧಾನವಾದಂತೆ ಕಾಣಲಿಲ್ಲ. ಪಕ್ಕದ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಕಿವಿ ಕೊಟ್ಟ.

"ಯಾವ ಸದ್ದೋ?" ಎಂದಳು ಧನ್ಯಾ. "ನನಗೇನೂ ಕೇಳ್ತಿಲ್ಲಪ್ಪ. ನಿನಗೆ ಕಿವಿಯೊಳಗೆ ಉಳ್ಕಂಡೈತಿ. ಮನೆಗೆ ಹೋಗು, ನಿಮ್ಮಮ್ಮ ಕರೀತಿದಾಳೆ."

ರಾಜು ಒಂದು ಗಳಿಗೆ ನಿಂತು, ಬ್ಯಾಗ್ ಏರಿಸಿಕೊಂಡು ಹೊರಟುಹೋದ. ಪರಮಶಿವಪ್ಪ ಮೊಮ್ಮಗಳ ಮುಖ ನೋಡಿದ. ಅವಳು ತನ್ನ ಪಾಡಿಗೆ ಬೀದಿಯ ಕೊನೆಯ ಬಿಸಿಲನ್ನು ನೋಡುತ್ತಿದ್ದಳು, ಸುಳ್ಳು ಹೇಳಿದ ಯಾವ ಗುರುತೂ ಇಲ್ಲದೆ. ಕೆಳಗೆ ಇಳಿಬಿಟ್ಟ ಅವಳ ಪಾದದ ಹೆಬ್ಬೆರಳು ಮಾತ್ರ, ಅವಳಿಗೇ ಗೊತ್ತಿಲ್ಲದ ಹಾಗೆ, ಏಳುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ಬೀಳುತ್ತಿತ್ತು. ಅವನು ಮಾತಾಡದೆ ಅದನ್ನೇ ಕೇಳುತ್ತ ಕೂತ.